ನಿಮ್ಮ ಪ್ರಶ್ನೆಗಳು: ಸುದ್ದಿ, ಫೋನು ಮತ್ತು ನಮ್ಮ ಗುಂಪು

ಸುಳ್ಳು ಸುದ್ದಿ, ಆನ್‌ಲೈನ್ ಸುರಕ್ಷತೆ, ಜವಾಬ್ದಾರಿಯ ವರದಿಗಾರಿಕೆ ಅಂತ ತಮ್ಮ ಸುತ್ತಮುತ್ತ ಕೆಲಸ ಮಾಡುತ್ತಿರುವವರು ಪತ್ರ ಬರೆಯಿರಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಅಂದುಕೊಂಡಿದ್ದಕ್ಕಿಂತ ಜಾಸ್ತಿ ಪತ್ರ ಬಂದಿವೆ. ಗ್ರಂಥಾಲಯದವರು, ಮೇಷ್ಟ್ರುಗಳು, ಅಪ್ಪ ಅಮ್ಮಂದಿರು, ಸಣ್ಣ ಪತ್ರಿಕೆ ನಡೆಸುವವರು ಎಲ್ಲರೂ ಬರೆದಿದ್ದಾರೆ. ಒಂದೇ ವಿಷಯದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇನೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿದ್ದರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಾವು ಐದಾರು ಜನ ಸೇರಿ ಗ್ರಂಥಾಲಯದಲ್ಲಿ ಸುಳ್ಳು ಸುದ್ದಿ ಬಗ್ಗೆ ಕಾರ್ಯಕ್ರಮ ಮಾಡಿದೆವು. ಒಳ್ಳೆ ಭಾಷಣಕಾರರನ್ನು ಕರೆಸಿದ್ದೆವು. ಹಾಲ್ ತುಂಬಿತ್ತು, ಚಪ್ಪಾಳೆಯೂ ಬಿತ್ತು. ಅವತ್ತು ರಾತ್ರಿಯೇ ಅದೇ ಜನ ಅದೇ ತರಹದ ಫಾರ್ವರ್ಡ್‌ಗಳನ್ನು ಗ್ರೂಪಿಗೆ ಹಾಕಿದರು. ಎಲ್ಲಿ ಎಡವಿದೆವು?

ಉತ್ತರ: ಹಾಲ್ ತುಂಬಿಸಿದ್ದೇ ದೊಡ್ಡ ವಿಷಯ, ಬೇಜಾರು ಮಾಡಿಕೊಳ್ಳಬೇಡಿ. ಭಾಷಣ ಕೇಳಿದವರಿಗೆ ಹುಷಾರಾಗಿರಬೇಕು ಅನ್ನುವುದು ಗೊತ್ತಾಯಿತು. ಆದರೆ ರಾತ್ರಿ ಹತ್ತು ಗಂಟೆಗೆ ಹಾಸಿಗೆ ಮೇಲೆ ಮಲಗಿ ಫೋನ್ ನೋಡುವಾಗ, ಎದುರಿಗೆ ಒಂದು ಭಯಂಕರ ವೀಡಿಯೊ ಬಂದಾಗ, ಕೈಯಲ್ಲಿ ಏನು ಮಾಡಬೇಕು ಅನ್ನುವುದು ಗೊತ್ತಾಗಲಿಲ್ಲ. ಅದನ್ನು ಮಾಡಿ ಮಾಡಿಯೇ ಕಲಿಯಬೇಕು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಅಧ್ಯಯನ ಮಾಡಿದರು. 2017ರಲ್ಲಿ ಅದು ಹೊರಬಂತು. ಅವರಲ್ಲಿ 10 ಜನ ಇತಿಹಾಸದಲ್ಲಿ ಡಾಕ್ಟರೇಟ್ ಮಾಡಿದವರು, 10 ಜನ ಸುದ್ದಿ ಪರಿಶೀಲನೆಯನ್ನೇ ವೃತ್ತಿ ಮಾಡಿಕೊಂಡ ಫ್ಯಾಕ್ಟ್‌ಚೆಕರ್‌ಗಳು, ಉಳಿದ 25 ಜನ ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಮಕ್ಕಳ ವೈದ್ಯರದ್ದು ಅಂತ ಹೇಳಿಕೊಳ್ಳುವ ಎರಡು ಸಂಸ್ಥೆಗಳ ಜಾಲತಾಣ ತೋರಿಸಿ, ಯಾವುದನ್ನು ನಂಬಬಹುದು ಅಂತ ಕೇಳಿದರು. ಒಂದು ಹತ್ತಾರು ಸಾವಿರ ಸದಸ್ಯರಿರುವ ಹಳೆಯ ಸಂಘ, ಇನ್ನೊಂದು ಅದರಿಂದ ಒಡೆದು ಹೊರಬಂದ ಚಿಕ್ಕ ಗುಂಪು. ಹೆಸರುಗಳು ಕೇಳುವುದಕ್ಕೆ ಒಂದೇ ತರಹ. ಓದು ಬಲ್ಲ ಪಂಡಿತರು ಪುಟವನ್ನು ಮೇಲಿಂದ ಕೆಳಗೆ ಓದಿದರು, ವಿನ್ಯಾಸ ನೋಡಿದರು, ಕೊನೆಯಲ್ಲಿದ್ದ ಆಧಾರಗಳ ಪಟ್ಟಿ ನೋಡಿದರು, ಅಲ್ಲೇ ಉಳಿದರು. ಎಷ್ಟೋ ಜನ ಮೋಸ ಹೋದರು. ಫ್ಯಾಕ್ಟ್‌ಚೆಕರ್‌ಗಳು ಮಾತ್ರ ಕೆಲವೇ ಸೆಕೆಂಡಿನಲ್ಲಿ ಆ ಪುಟ ಬಿಟ್ಟು ಹೊರಗೆ ಹೋದರು. ಹೊಸ ಟ್ಯಾಬ್ ತೆರೆದು, ಈ ಸಂಸ್ಥೆ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ಸುದ್ದಿಯ ಒಳಗೇ ಕೂತು ತಲೆ ಕೆಡಿಸಿಕೊಳ್ಳದೆ ಪಕ್ಕಕ್ಕೆ ಹೋಗಿ ವಿಚಾರಿಸಿದರು, ಅಷ್ಟೇ. ಮನೆಗೆ ಸಂಬಂಧ ಬಂದಾಗ ಹುಡುಗನನ್ನೇ ಕೇಳಿದರೆ ಆಗುತ್ತಾ, ಅಕ್ಕಪಕ್ಕದವರನ್ನು ವಿಚಾರಿಸುತ್ತೇವೆ ಅಲ್ವಾ?

ಈ ಒಂದು ಅಭ್ಯಾಸವನ್ನು ಹೇಳಿಕೊಡುವುದಕ್ಕೆ ಭಾಷಣ ಬೇಕಿಲ್ಲ. ಎಂಟು ಹತ್ತು ಜನ, ಮುಕ್ಕಾಲು ಗಂಟೆ, ಒಂದೇ ಒಂದು ಫೋಟೋ ಸಾಕು. ಉದಾಹರಣೆಗೆ ಶಾರ್ಕ್ ಫೋಟೋ ತೆಗೆದುಕೊಳ್ಳಿ. ನೀರು ತುಂಬಿದ ಹೆದ್ದಾರಿ, ಕಾರಿನ ಕಿಟಕಿಯಿಂದ ತೆಗೆದ ಹಾಗೆ ಕಾಣುವ ಚಿತ್ರ, ಪಕ್ಕದಲ್ಲೇ ಈಜುತ್ತಿರುವ ದೊಡ್ಡ ಶಾರ್ಕ್. 2011ರಲ್ಲಿ ಐರೀನ್ ಚಂಡಮಾರುತ ಬಂದಾಗ ಇದು ಪೋರ್ಟೊರಿಕೊದ್ದು ಅಂತ ಓಡಾಡಿತು. 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ಹ್ಯೂಸ್ಟನ್‌ನದ್ದು ಅಂತ ಮತ್ತೆ ಬಂತು. ನಿಮ್ಮ ಗುಂಪಿಗೆ ಫೋಟೋ ತೋರಿಸಿ, ನಿಜವೋ ಸುಳ್ಳೋ ಅಂತ ಕೇಳಬೇಡಿ. ಇದು ಎಲ್ಲಿಂದ ಬಂತು ಅಂತ ಹುಡುಕಿ ಅನ್ನಿ. ಅವರವರ ಫೋನಿನಲ್ಲೇ ಫೋಟೋದಿಂದ ಹುಡುಕುವ ಸೌಲಭ್ಯ ತೆರೆಯಲಿ. ಮೊದಲ ಸಲ ಆ ಗುಂಡಿ ಎಲ್ಲಿದೆ ಅಂತ ಹುಡುಕುವುದಕ್ಕೇ ಐದು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಒಬ್ಬರಿಗೆ 2017ರ ಪೋಸ್ಟ್ ಸಿಗುತ್ತದೆ, ಇನ್ನೊಬ್ಬರಿಗೆ 2011ರದ್ದು. ಆಗ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ, ಒಂದೇ ಶಾರ್ಕ್ ಎರಡು ಊರಿಗೆ ಹೇಗೆ ಹೋಯಿತು ಅಂತ. ಇನ್ನೂ ಸ್ವಲ್ಪ ಹುಡುಕಿದರೆ ಮೂಲವೂ ಸಿಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಛಾಯಾಗ್ರಾಹಕ ಥಾಮಸ್ ಪೆಷಾಕ್ ತೆಗೆದ, 2005ರಲ್ಲಿ ಪ್ರಕಟವಾದ ಫೋಟೋ ಅದು. ಹಳದಿ ದೋಣಿಯಲ್ಲಿ ಕೂತ ಸಂಶೋಧಕರ ಹಿಂದೆ ಬರುತ್ತಿರುವ ಶಾರ್ಕ್. ಆ ಶಾರ್ಕನ್ನು ಕತ್ತರಿಸಿ ಹೆದ್ದಾರಿ ನೀರಿಗೆ ಅಂಟಿಸಿದ್ದರು. ಎರಡು ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಅದನ್ನು ಮರೆಯುವುದಿಲ್ಲ, ಯಾಕಂದರೆ ಕಂಡುಹಿಡಿದವರು ಅವರೇ.

ವಾರಕ್ಕೊಂದು ಹೀಗೆ ಮಾಡಿ. ಕಲಿಸುವವರು ದೊಡ್ಡ ತಜ್ಞರೇ ಆಗಬೇಕಿಲ್ಲ. ಉಕ್ರೇನ್‌ನಲ್ಲಿ 2015-16ರಲ್ಲಿ ಐರೆಕ್ಸ್ ಅನ್ನುವ ಸಂಸ್ಥೆ ಇಂಥದ್ದೇ ಒಂದು ಯೋಜನೆ ನಡೆಸಿತು. ಮೊದಲು ಗ್ರಂಥಾಲಯದವರು, ಮೇಷ್ಟ್ರುಗಳು, ಸಮುದಾಯದಲ್ಲಿ ಜನ ನಂಬುವಂಥವರಿಗೆ ಕಲಿಸಿದರು, ಅವರು ತಮ್ಮವರಿಗೆ ಕಲಿಸಿದರು. ಹೀಗೆ ಸುಮಾರು 15 ಸಾವಿರ ಜನರನ್ನು ಮುಟ್ಟಿದರು. ಒಂದೂವರೆ ವರ್ಷ ಆದ ಮೇಲೂ, ತರಬೇತಿ ಪಡೆದವರು ಬೇರೆಯವರಿಗಿಂತ ಚೆನ್ನಾಗಿ ಸುದ್ದಿ ಪರಿಶೀಲಿಸುತ್ತಿದ್ದದ್ದು ಕಂಡುಬಂತು. ನಿಮ್ಮ ಹತ್ತಿರ ಈಗಾಗಲೇ ಗ್ರಂಥಾಲಯ ಇದೆ, ಜನಕ್ಕೆ ಪರಿಚಯದ ಮುಖಗಳಿವೆ. ದೂರದಿಂದ ಬಂದ ಭಾಷಣಕಾರರ ಹತ್ತಿರ ಅದು ಇರಲಿಲ್ಲ.

ಪ್ರಶ್ನೆ: ಅಪ್ಪನಿಗೆ 68 ವರ್ಷ. ದಿನಕ್ಕೆ ಹತ್ತಾರು ಫಾರ್ವರ್ಡ್. ಫ್ಯಾಮಿಲಿ ಗ್ರೂಪಲ್ಲಿ ನಾನು ಇದು ಸುಳ್ಳು ಅಂತ ಲಿಂಕ್ ಹಾಕಿದರೆ ಅವರಿಗೆ ಸಿಟ್ಟು ಬರುತ್ತದೆ. ಹೋದ ತಿಂಗಳಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಸುಮ್ನೆ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ, ಆದರೆ ಗ್ರೂಪಲ್ಲಿ ತಿದ್ದುವುದನ್ನು ಮೊದಲು ನಿಲ್ಲಿಸಿ. ಇಪ್ಪತ್ತು ಜನ ನೆಂಟರ ಮುಂದೆ ಮಗಳು ತಪ್ಪು ತೋರಿಸಿದರೆ ಯಾವ ಅಪ್ಪನಿಗಾದರೂ ಬೇಜಾರಾಗುತ್ತದೆ. ಆಗ ಮಾತು ಸುದ್ದಿಯ ಬಗ್ಗೆ ಉಳಿಯುವುದಿಲ್ಲ, ಮರ್ಯಾದೆಯ ಬಗ್ಗೆ ಆಗಿಬಿಡುತ್ತದೆ.

ಅಪ್ಪ ಯಾಕೆ ಕಳಿಸುತ್ತಾರೆ ಅಂತ ಯೋಚಿಸಿ. ಬಹಳ ಸಲ ಕಾಳಜಿಯಿಂದ. ಈ ಔಷಧಿ ತಿನ್ನಬೇಡಿ, ಈ ರಸ್ತೆಯಲ್ಲಿ ಹೋಗಬೇಡಿ, ಮಕ್ಕಳನ್ನು ಜೋಪಾನ ಮಾಡಿ. ಸುಳ್ಳು ಕಟ್ಟುವವರು ಬಳಸಿಕೊಳ್ಳುವುದು ಅದೇ ಕಾಳಜಿಯನ್ನು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1 ಲಕ್ಷ 26 ಸಾವಿರ ಸುದ್ದಿಗಳನ್ನು ಹಿಂಬಾಲಿಸಿ ನೋಡಿದರು. ನಿಜಕ್ಕಿಂತ ಸುಳ್ಳನ್ನು ಜನ ಮುಂದಕ್ಕೆ ದಾಟಿಸುವ ಸಾಧ್ಯತೆ 70% ಜಾಸ್ತಿ ಇತ್ತು. ಹಾಗೆ ಹರಡಿದವರು ಬಹುತೇಕ ಮಾಮೂಲಿ ಮನುಷ್ಯರೇ, ಯಂತ್ರಗಳಲ್ಲ. ಸುಳ್ಳಿನಲ್ಲಿ ಹೊಸತನ ಇರುತ್ತದೆ, ಆಶ್ಚರ್ಯ ಇರುತ್ತದೆ, ಅದಕ್ಕೇ ಹಂಚಿಕೊಳ್ಳಬೇಕು ಅನ್ನಿಸುತ್ತದೆ. ಅಪ್ಪನ ವಯಸ್ಸು ಇಲ್ಲಿ ಒಂದೇ ಕಾರಣ ಅಲ್ಲ, ನಾವೆಲ್ಲರೂ ಹಾಗೇ ಇದ್ದೇವೆ. ಇದನ್ನು ಅವರಿಗೂ ಹೇಳಿ.

ಆಮೇಲೆ ಒಂದು ದಿನ ಪಕ್ಕದಲ್ಲಿ ಕೂತು, ಅಪ್ಪಾ, ಇದು ನಂಗೂ ಬಂದಿತ್ತು, ನಿಜವಾ ಅಂತ ನೋಡೋಣ ಬನ್ನಿ ಅಂತ ಅವರ ಫೋನಿನಲ್ಲೇ ಹುಡುಕಿ. ಅವರ ಕೈಯಲ್ಲೇ ಮಾಡಿಸಿ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಾಣದ ಗುರುತು ತೋರಿಸಿ. ಅದು ಇದ್ದರೆ ಆ ಸಂದೇಶ ಕಡಿಮೆ ಅಂದರೂ ಐದು ಕೈ ದಾಟಿ ಬಂದಿದೆ ಅಂತ ಅರ್ಥ, ಬರೆದವರು ಯಾರು ಅಂತ ಕಳಿಸಿದವರಿಗೂ ಗೊತ್ತಿರುವುದಿಲ್ಲ. 2020ರ ಏಪ್ರಿಲ್‌ನಿಂದ ಅಂಥ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಆಗುವ ಹಾಗೆ ಮಾಡಿದ್ದು ಅದಕ್ಕೇ.

ತಪ್ಪು ಅಂತ ಗೊತ್ತಾದರೆ ತಿದ್ದುಪಡಿಯನ್ನು ಅಪ್ಪನೇ ಗ್ರೂಪಿಗೆ ಹಾಕಲಿ. ಹೇಗೆ ಬರೆಯಬೇಕು ಅನ್ನುವುದಕ್ಕೂ ಒಂದು ಕ್ರಮ ಇದೆ. ಮೊದಲು ನಿಜ ಏನು ಅಂತ ಹೇಳಿ. ಆಮೇಲೆ ಇಂಥ ತಪ್ಪು ಸುದ್ದಿ ಓಡಾಡುತ್ತಿದೆ ಅಂತ ಒಂದೇ ಸಲ ಹೇಳಿ. ಅದು ಯಾಕೆ ತಪ್ಪು ಅಂತ ಹೇಳಿ. ಕೊನೆಗೆ ಮತ್ತೆ ನಿಜವನ್ನೇ ಹೇಳಿ. ಸುಳ್ಳನ್ನು ಪದೇ ಪದೇ ಬರೆಯಬಾರದು, ಯಾಕಂದರೆ ಒಂದು ಮಾತನ್ನು ಹಲವು ಸಲ ಕೇಳಿದರೆ ಅದು ನಿಜ ಅನ್ನಿಸುವುದಕ್ಕೆ ಶುರುವಾಗುತ್ತದೆ ಅಂತ 1977ರಷ್ಟು ಹಿಂದೆಯೇ ಮನಶ್ಶಾಸ್ತ್ರದವರು ತೋರಿಸಿದ್ದಾರೆ. ದೊಡ್ಡ ಅಕ್ಷರದಲ್ಲಿ ಸುಳ್ಳು ಅಂತ ಮುದ್ರೆ ಒತ್ತಿದ ಅದೇ ಫೋಟೋವನ್ನು ಮತ್ತೆ ಕಳಿಸಿದರೆ, ಎಷ್ಟೋ ಜನರ ತಲೆಯಲ್ಲಿ ಮುದ್ರೆ ಹೋಗಿ ಫೋಟೋ ಮಾತ್ರ ಉಳಿಯುತ್ತದೆ.

ಮತ್ತೆ, ಮೊದಲು ಅಪ್ಪನ ಜೊತೆ ಮಾತು ಸರಿಮಾಡಿಕೊಳ್ಳಿ. ಫಾರ್ವರ್ಡ್ ಆಮೇಲೆ.

ಪ್ರಶ್ನೆ: ಎಐ ಮಾಡಿದ ಫೋಟೋ ಗುರುತಿಸಲು ಬೆರಳು ಎಣಿಸಿ ಅಂತ ಮಕ್ಕಳಿಗೆ ಹೇಳಿಕೊಡುತ್ತಿದ್ದೇವೆ. ಸರಿಯಾ?

ಉತ್ತರ: ಈಗ ಸರಿಯಲ್ಲ. ಆರು ಬೆರಳು, ವಕ್ರ ಹಲ್ಲು, ಅಕ್ಷರ ಕಲಸಿದ ಬೋರ್ಡು ಇವೆಲ್ಲ ಮೊದಮೊದಲ ಎಐ ಚಿತ್ರಗಳಲ್ಲಿ ಕಾಣುತ್ತಿದ್ದವು. ತಂತ್ರಜ್ಞಾನ ಸುಧಾರಿಸಿದ ಹಾಗೆ ಅವು ಹೋಗುತ್ತಿವೆ. ಬೆರಳು ಐದೇ ಇವೆ, ಹಾಗಾದರೆ ನಿಜ ಅಂತ ಮಗು ಅಂದುಕೊಂಡರೆ ಇನ್ನೂ ಅಪಾಯ. ಚಿತ್ರವನ್ನು ದಿಟ್ಟಿಸುವುದು ಬಿಟ್ಟು, ಯಾರು ಮೊದಲು ಹಾಕಿದರು, ಅದೇ ಜಾಗದಲ್ಲಿ ಇದ್ದ ಬೇರೆ ಯಾರಾದರೂ ಚಿತ್ರ ತೆಗೆದಿದ್ದಾರಾ, ನಂಬಬಹುದಾದ ಸುದ್ದಿಮನೆ ಯಾವುದಾದರೂ ಹೇಳಿದೆಯಾ ಅಂತ ನೋಡಲು ಹೇಳಿಕೊಡಿ. ಆ ಪ್ರಶ್ನೆಗಳು ಎಐ ಚಿತ್ರಕ್ಕೂ ನಡೆಯುತ್ತವೆ, ಹಳೆಯ ಚಿತ್ರವನ್ನು ಹೊಸದು ಅಂತ ಹಾಕಿದ್ದಕ್ಕೂ ನಡೆಯುತ್ತವೆ. ಈ ಎರಡನೆಯದು ಈಗಲೂ ತುಂಬಾ ಇದೆ, ಅದಕ್ಕೆ ಎಐ ಬೇಕೇ ಇಲ್ಲ.

ಪ್ರಶ್ನೆ: ನಮ್ಮ ತರಬೇತಿ ಮುಗಿದ ಮೇಲೆ ಒಬ್ಬ ಹುಡುಗ ಬಂದು, ಹಾಗಾದರೆ ಯಾವ ಸುದ್ದಿಯನ್ನೂ ನಂಬಬಾರದು ಅಲ್ವಾ ಸರ್ ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್. ಈ ಕೆಲಸದಲ್ಲಿ ನನಗೆ ಜಾಸ್ತಿ ಭಯ ಇರುವುದು ಇದರ ಬಗ್ಗೆಯೇ.

ನೀವು ತೋರಿಸಿದ ಉದಾಹರಣೆಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಅಂತ ಎಣಿಸಿ ನೋಡಿ. ಹತ್ತಕ್ಕೆ ಹತ್ತೂ ಸುಳ್ಳೇ ಇದ್ದಿರಬಹುದು. ಹಾಗಿದ್ದರೆ ಹುಡುಗ ಕಲಿತ ಪಾಠ ಸರಿಯಾಗಿಯೇ ಇದೆ, ತೋರಿಸಿದ್ದೆಲ್ಲ ಸುಳ್ಳು ಅಂತ. ಮುಂದಿನ ಸಲ ಹತ್ತರಲ್ಲಿ ಐದಾರು ನಿಜ ಇಡಿ. ನಂಬಲು ಕಷ್ಟವಾದ ನಿಜಗಳನ್ನೇ ಇಡಿ. ನನ್ನ ಹತ್ತಿರ ಒಂದು ಒಳ್ಳೆ ಉದಾಹರಣೆ ಇದೆ. 2022ರಲ್ಲಿ ಇಯಾನ್ ಚಂಡಮಾರುತ ಬಂದಾಗ ಫ್ಲೋರಿಡಾದ ಫೋರ್ಟ್ ಮೈಯರ್ಸ್‌ನಲ್ಲಿ ಮನೆಗಳ ಪಕ್ಕದ ನೆರೆ ನೀರಿನಲ್ಲಿ ಶಾರ್ಕ್ ತರಹದ ದೊಡ್ಡ ಮೀನು ಒದ್ದಾಡುತ್ತಿರುವ ವೀಡಿಯೊ ಬಂತು. ಹಳೆಯ ಶಾರ್ಕ್ ಫೋಟೋ ಕಥೆ ಗೊತ್ತಿದ್ದ ಹಲವರು ಇದೂ ಸುಳ್ಳು ಅಂದರು. ಸುದ್ದಿಸಂಸ್ಥೆಯವರು ವೀಡಿಯೊ ತೆಗೆದವರನ್ನೇ ಮಾತಾಡಿಸಿ, ಮೂಲ ಫೈಲ್‌ನ ದಿನ ಸಮಯ ನೋಡಿ ಪರಿಶೀಲಿಸಿದರು. ವೀಡಿಯೊ ನಿಜವೇ ಆಗಿತ್ತು.

ಶಾರ್ಕ್ ಫೋಟೋ ತೋರಿಸಿದ ಮುಂದಿನ ವಾರ ಇದನ್ನು ತೋರಿಸಿ. ಹುಡುಗರ ಮುಖ ನೋಡಿ. ಎಲ್ಲವನ್ನೂ ನಂಬುವವನೂ ವಿಚಾರಿಸುವುದಿಲ್ಲ, ಯಾವುದನ್ನೂ ನಂಬದವನೂ ವಿಚಾರಿಸುವುದಿಲ್ಲ ಅಂತ ನೀವು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಯಾವ ಸುದ್ದಿಯನ್ನೂ ನಂಬದ ಜನ ಸಿಕ್ಕರೆ ಸುಳ್ಳು ಹೇಳುವವರಿಗೇ ಲಾಭ, ನಿಜ ಹೇಳುವ ವರದಿಗಾರರಿಗೆ ನಷ್ಟ. ಒಬ್ಬ ಒಳ್ಳೆ ವರದಿಗಾರನನ್ನು ತರಗತಿಗೆ ಕರೆಸಿ, ಒಂದು ಸುದ್ದಿಗೆ ಎಷ್ಟು ಜನಕ್ಕೆ ಫೋನ್ ಮಾಡಿದ, ಏನನ್ನು ಖಾತ್ರಿಯಾಗದ ಕಾರಣಕ್ಕೆ ಬಿಟ್ಟ ಅಂತ ಹೇಳಿಸಿ. ನಂಬಿಕೆ ಹೇಗೆ ಹುಟ್ಟುತ್ತದೆ ಅಂತಲೂ ಮಕ್ಕಳಿಗೆ ಕಾಣಲಿ.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಒಬ್ಬ ವಿದ್ಯಾರ್ಥಿನಿ ಅಳುತ್ತಾ ಬಂದಳು. ಆನ್‌ಲೈನ್‌ನಲ್ಲಿ ಪರಿಚಯವಾದವನಿಗೆ ತನ್ನ ಖಾಸಗಿ ಫೋಟೋ ಕಳಿಸಿದ್ದಾಳೆ. ಈಗ ಅವನು ದುಡ್ಡು ಕೇಳುತ್ತಿದ್ದಾನೆ, ಕೊಡದಿದ್ದರೆ ಎಲ್ಲರಿಗೂ ಕಳಿಸುತ್ತೇನೆ ಅನ್ನುತ್ತಿದ್ದಾನೆ. ಮನೆಯಲ್ಲಿ ಹೇಳಬೇಡಿ ಅಂತ ಕಾಲು ಹಿಡಿಯುತ್ತಾಳೆ. ಇನ್ನು ಮುಂದೆ ಮಕ್ಕಳ ಫೋನನ್ನೇ ಕಿತ್ತುಕೊಳ್ಳುವುದು ಸರಿ ಅಂತ ಸಹೋದ್ಯೋಗಿಗಳು ಹೇಳುತ್ತಿದ್ದಾರೆ.

ಉತ್ತರ: ಮೇಡಂ, ಈ ಪತ್ರಕ್ಕೆ ಅವತ್ತೇ ನೇರವಾಗಿ ಉತ್ತರ ಕಳಿಸಿದ್ದೇನೆ. ಬೇರೆಯವರಿಗೂ ಬೇಕಾಗಬಹುದು ಅಂತ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ಅವಳು ನಿಮ್ಮ ಹತ್ತಿರ ಬಂದಿದ್ದಾಳೆ. ಅರ್ಧ ಅಪಾಯ ಅಲ್ಲೇ ಕಡಿಮೆಯಾಯಿತು. ಮೊದಲು ಅವಳಿಗೆ ಹೇಳಬೇಕಾದ್ದು, ತಪ್ಪು ಮಾಡುತ್ತಿರುವವನು ಅವನು, ನೀನಲ್ಲ, ನೀನು ಒಬ್ಬಳೇ ಅಲ್ಲ, ಇದರಿಂದ ಹೊರಗೆ ಬರಬಹುದು. ಯಾಕೆ ಕಳಿಸಿದೆ ಅನ್ನುವ ಪ್ರಶ್ನೆ ಇವತ್ತು ಬೇಡ. ಇವತ್ತು ಆ ಹುಡುಗಿ ಒಬ್ಬಳೇ ಇರದ ಹಾಗೆ ನೋಡಿಕೊಳ್ಳಿ.

ದುಡ್ಡು ಕೊಡಬಾರದು. ಒಂದು ಸಲ ಕೊಟ್ಟರೆ ಇನ್ನೂ ಕೇಳುತ್ತಾರೆ. ಇನ್ನೊಂದು ಫೋಟೋ ಕಳಿಸಿದರೆ ಹಳೆಯದನ್ನು ಅಳಿಸುತ್ತೇನೆ ಅಂದರೂ ಕಳಿಸಬಾರದು. ಭಯದಲ್ಲಿ ಅವಳು ಚಾಟ್ ಅಳಿಸಿಬಿಡಬಹುದು, ಅದನ್ನು ತಡೆಯಿರಿ. ಅವನ ಪ್ರೊಫೈಲ್, ಯೂಸರ್ ನೇಮ್, ಬೆದರಿಕೆ ಸಂದೇಶ, ದುಡ್ಡು ಹಾಕಲು ಕೊಟ್ಟ ಖಾತೆ ಇವುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆದರೆ ಆ ಖಾಸಗಿ ಫೋಟೋವನ್ನು ಮಾತ್ರ ನೀವು ನಿಮ್ಮ ಫೋನಿಗೆ ತರಿಸಿಕೊಳ್ಳಬೇಡಿ, ಯಾರಿಗೂ ಪುರಾವೆ ಅಂತ ಕಳಿಸಬೇಡಿ. ಅಪ್ರಾಪ್ತರ ಅಂಥ ಚಿತ್ರ ಇಟ್ಟುಕೊಳ್ಳುವುದೇ ಬಹಳಷ್ಟು ಕಡೆ ಅಪರಾಧ. ಆಮೇಲೆ ಆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಪೊಲೀಸರಿಗೆ ದೂರು ಕೊಡಿ.

ಫೋಟೋ ಹರಡದ ಹಾಗೆ ಮಾಡಲು ಒಂದು ಉಚಿತ ದಾರಿ ಇದೆ. 18 ವರ್ಷದ ಒಳಗಿನವರಿಗೆ ಟೇಕ್ ಇಟ್ ಡೌನ್, ದೊಡ್ಡವರಿಗೆ ಸ್ಟಾಪ್ ಎನ್‌ಸಿಐಐ ಅಂತ ಎರಡು ಜಾಲತಾಣಗಳಿವೆ. ಇದು ಹೇಗೆ ಕೆಲಸ ಮಾಡುತ್ತದೆ ಅಂತ ಅವಳಿಗೆ ಬಿಡಿಸಿ ಹೇಳಿ, ಯಾಕಂದರೆ ಮತ್ತೆ ಯಾರಿಗೋ ಫೋಟೋ ಕೊಡಬೇಕಾ ಅಂತ ಮಕ್ಕಳು ಹೆದರುತ್ತಾರೆ. ಫೋಟೋ ಅವಳ ಫೋನಿನಿಂದ ಹೊರಗೆ ಹೋಗುವುದಿಲ್ಲ. ಆ ಚಿತ್ರದ ಬೆರಳಚ್ಚಿನ ಹಾಗೆ ಒಂದು ಉದ್ದದ ಸಂಕೇತ ಫೋನಿನಲ್ಲೇ ತಯಾರಾಗುತ್ತದೆ, ಆ ಸಂಕೇತ ಮಾತ್ರ ಹೋಗುತ್ತದೆ. ಸಂಕೇತದಿಂದ ಚಿತ್ರವನ್ನು ವಾಪಸ್ ಮಾಡಲು ಬರುವುದಿಲ್ಲ. ಈ ವ್ಯವಸ್ಥೆಗೆ ಸೇರಿರುವ ಕಂಪನಿಗಳು ತಮ್ಮಲ್ಲಿ ಅದೇ ಬೆರಳಚ್ಚಿನ ಚಿತ್ರ ಕಂಡರೆ ತೆಗೆಯಬಹುದು. ಸೇರದ ಕಡೆ, ಮತ್ತೆ ಕಂಪನಿಗೇ ಕಾಣದ ಖಾಸಗಿ ಚಾಟ್‌ಗಳಲ್ಲಿ ಇದು ನಡೆಯುವುದಿಲ್ಲ. ಅದನ್ನೂ ಮುಚ್ಚಿಡದೆ ಹೇಳಿ.

ಮನೆಯವರಿಗೆ ಹೇಳಲೇಬೇಕಾಗುತ್ತದೆ. ಆದರೆ ಅವಳನ್ನು ಒಬ್ಬಳನ್ನೇ ಕಳಿಸಬೇಡಿ, ನೀವು ಜೊತೆಗೆ ಹೋಗಿ. ಮೊದಲು ನೀವು ಅಮ್ಮನ ಹತ್ತಿರ ಮಾತಾಡಿ, ಬೈಯುವುದಿಲ್ಲ ಅಂತ ಒಪ್ಪಿಸಿ, ಆಮೇಲೆ ಅವಳು ಬರಲಿ. ಮನೆಯಲ್ಲಿ ಹೊಡೆತ ಬೀಳುವ ಅಪಾಯ ಇದೆ ಅನ್ನಿಸಿದರೆ ಮಕ್ಕಳ ರಕ್ಷಣೆಯ ಕೆಲಸ ಮಾಡುವವರನ್ನು ಮೊದಲೇ ಜೊತೆಗೆ ಸೇರಿಸಿಕೊಳ್ಳಿ.

ಇನ್ನು ಫೋನ್ ಕಿತ್ತುಕೊಳ್ಳುವ ಮಾತು. ದಯವಿಟ್ಟು ಬೇಡ. ಹೇಳಿದರೆ ಫೋನ್ ಹೋಗುತ್ತದೆ ಅಂತ ಗೊತ್ತಾದ ಮೇಲೆ ಮುಂದಿನ ಮಗು ಹೇಳುವುದೇ ಇಲ್ಲ. ಬೆದರಿಸುವವನಿಗೆ ಬೇಕಾಗಿರುವುದೂ ಅದೇ. ನಿಮ್ಮ ಶಾಲೆಯಲ್ಲಿ ಸುರಕ್ಷತೆ ಯೋಜನೆ ಅಂತ ಏನಾದರೂ ಶುರು ಮಾಡುವುದಾದರೆ ಪೋಸ್ಟರ್‌ಗಿಂತ ಮೊದಲು ಎರಡು ಕೆಲಸ ಮಾಡಿ. ಯಾವ ಹೊತ್ತಿನಲ್ಲಾದರೂ ಮಕ್ಕಳು ಬಂದು ಹೇಳಬಹುದಾದ ಇಬ್ಬರು ದೊಡ್ಡವರನ್ನು ಮಕ್ಕಳೇ ಆರಿಸಲಿ. ಮತ್ತೆ ಪೋಷಕರ ಸಭೆಯಲ್ಲಿ, ಬಂದು ಹೇಳಿದ ಮಗುವಿಗೆ ಶಿಕ್ಷೆ ಕೊಡುವುದಿಲ್ಲ, ಫೋನ್ ಕಿತ್ತುಕೊಳ್ಳುವುದಿಲ್ಲ ಅಂತ ಮಕ್ಕಳ ಎದುರಿಗೇ ಮಾತು ಕೊಡಿಸಿ. ಪಾಸ್‌ವರ್ಡ್, ಎರಡು ಹಂತದ ಲಾಗಿನ್ ಇವೆಲ್ಲ ಬೇಕು, ಆಮೇಲೆ ಹೇಳಿಕೊಡಿ.

ಪ್ರಶ್ನೆ: ಮಗನ ದನಿಯಲ್ಲೇ ಫೋನ್ ಬಂತು, ಅಪಘಾತ ಆಗಿದೆ ದುಡ್ಡು ಹಾಕಿ ಅಂತ. ಅದೃಷ್ಟಕ್ಕೆ ಮಗ ಪಕ್ಕದ ರೂಮಲ್ಲೇ ಇದ್ದ! ನಮ್ಮ ಹಿರಿಯ ನಾಗರಿಕರ ಗುಂಪಿಗೆ ಏನು ಹೇಳಲಿ?

ಉತ್ತರ: ದನಿ ನಕಲು ಮಾಡುವುದು ಈಗ ಸುಲಭ, ಸ್ವಲ್ಪ ಹೊತ್ತಿನ ರೆಕಾರ್ಡಿಂಗ್ ಸಿಕ್ಕರೂ ಸಾಕು. ದನಿ ನಿಜವಾ ಅಂತ ಕೇಳಿ ಪತ್ತೆ ಮಾಡಲು ಹೋಗಬೇಡಿ ಅನ್ನಿ. ಫೋನ್ ಇಟ್ಟು, ನಿಮ್ಮ ಹತ್ತಿರ ಮೊದಲಿಂದ ಇರುವ ಮಗನ ನಂಬರಿಗೆ ನೀವೇ ಮಾಡಿ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ. ಇದನ್ನು ಗುಂಪಿನಲ್ಲಿ ಹೇಳಿ ಬಿಟ್ಟರೆ ಸಾಲದು, ಇಬ್ಬಿಬ್ಬರು ಕೂತು ನಾಟಕ ಮಾಡಿ. ಒಬ್ಬರು ಅಳುತ್ತಾ ಅವಸರ ಮಾಡಲಿ, ಇನ್ನೊಬ್ಬರು ನಾನೇ ವಾಪಸ್ ಮಾಡ್ತೀನಿ ಅಂತ ಫೋನ್ ಇಡಲಿ. ಅಳುವ ದನಿ ಕೇಳುತ್ತಾ ಫೋನ್ ಇಡುವುದು ಎಷ್ಟು ಕಷ್ಟ ಅಂತ ಮಾಡಿ ನೋಡಿದವರಿಗೆ ಗೊತ್ತು, ಅದಕ್ಕೇ ಅಭ್ಯಾಸ ಬೇಕು.

ಪ್ರಶ್ನೆ: ನಾವು ನಾಲ್ಕು ಜನ ಸೇರಿ ನಮ್ಮ ಬಡಾವಣೆಗೆ ಒಂದು ಚಿಕ್ಕ ಸುದ್ದಿ ಚಾನೆಲ್ ನಡೆಸುತ್ತೇವೆ. ಯಾರಿಗೂ ತರಬೇತಿ ಇಲ್ಲ. ಒಬ್ಬ ಹುಡುಗನ ಆತ್ಮಹತ್ಯೆ ಸುದ್ದಿಯನ್ನು ಫೋಟೋ ಸಮೇತ ಹಾಕಿದೆವು, ಪರೀಕ್ಷೆಯಲ್ಲಿ ಫೇಲಾಗಿದ್ದೇ ಕಾರಣ ಅಂತ ತಲೆಬರಹ ಕೊಟ್ಟೆವು. ಅವನ ಅಕ್ಕ ಬಂದು, ನನ್ನ ತಮ್ಮ ಅಷ್ಟೇನಾ ಅಂತ ಕೇಳಿದಳು. ನಮ್ಮ ಕೈಯಲ್ಲಿ ಉತ್ತರ ಇರಲಿಲ್ಲ. ಅಂಥ ಸುದ್ದಿ ಹಾಕಲೇಬಾರದಾ?

ಉತ್ತರ: ಆ ಅಕ್ಕನ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ನೀವು ಅದನ್ನು ಮುಚ್ಚಿಡದೆ ಬರೆದಿದ್ದೀರಿ, ಅದು ದೊಡ್ಡದು.

ಹಾಕಲೇಬಾರದು ಅಂತಿಲ್ಲ. ಹೇಗೆ ಹಾಕುತ್ತೇವೆ ಅನ್ನುವುದರ ಮೇಲೆ ಜೀವ ನಿಂತಿರುತ್ತದೆ, ಇದು ಉಪಮೆಗೆ ಹೇಳುತ್ತಿರುವ ಮಾತಲ್ಲ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಮೆಟ್ರೋ ರೈಲು ಶುರುವಾಗಿದ್ದು 1978ರಲ್ಲಿ. 1984ರ ಹೊತ್ತಿಗೆ ಅಲ್ಲಿ ಆತ್ಮಹತ್ಯೆಗಳು ಒಂದೇ ಸಮನೆ ಏರಿದವು. ಪತ್ರಿಕೆಗಳು ಪ್ರತಿ ಘಟನೆಯನ್ನೂ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದವು. ಆತ್ಮಹತ್ಯೆ ತಡೆಯ ಕೆಲಸ ಮಾಡುವವರು 1987ರಲ್ಲಿ ಒಂದು ಮಾರ್ಗಸೂಚಿ ಬರೆದು ಸಂಪಾದಕರಿಗೆ ಕೊಟ್ಟು ಕೇಳಿಕೊಂಡರು. ಪತ್ರಿಕೆಗಳು ಒಪ್ಪಿದವು. ಕೆಲವು ಸುದ್ದಿ ಚಿಕ್ಕದಾದವು, ಕೆಲವು ಬರಲೇ ಇಲ್ಲ. ಆ ವರ್ಷದ ಮೊದಲ ಆರು ತಿಂಗಳಿಗೆ ಹೋಲಿಸಿದರೆ ಮುಂದಿನ ಆರು ತಿಂಗಳಲ್ಲಿ ಮೆಟ್ರೋದಲ್ಲಿ ಆತ್ಮಹತ್ಯೆಗಳು 80%ಕ್ಕೂ ಜಾಸ್ತಿ ಇಳಿದವು. ಆಮೇಲೂ ಕಡಿಮೆಯೇ ಉಳಿದವು. ಬರೆಯುವ ರೀತಿ ಬದಲಾಗಿದ್ದಕ್ಕೆ ಜನ ಬದುಕಿದರು. ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗೆ ಅಂತಲೇ ಕೊಡುವ ಕೈಪಿಡಿ ಮೊದಲು ಬಂದಿದ್ದು 2000ದಲ್ಲಿ, 2023ರಲ್ಲಿ ಮತ್ತೆ ಪರಿಷ್ಕರಿಸಿದ್ದಾರೆ. ಅದನ್ನು ನಾಲ್ಕೂ ಜನ ಕೂತು ಓದಿ.

ನಿಮ್ಮ ಸುದ್ದಿಯನ್ನೇ ತೆಗೆದುಕೊಳ್ಳೋಣ. ಫೇಲಾಗಿದ್ದೇ ಕಾರಣ ಅಂದಿರಿ. ಸಾವಿಗೆ ಒಂದೇ ಕಾರಣ ಇರುವುದು ತೀರಾ ಕಡಿಮೆ. ಅವತ್ತೇ ಫೇಲಾದ ಇನ್ನೊಬ್ಬ ಹುಡುಗ ಅದನ್ನು ಓದಿದರೆ ಫೇಲಾದವರಿಗೆ ದಾರಿ ಇದು ಅಂತ ಓದಿಕೊಳ್ಳುತ್ತಾನೆ. ತಲೆಬರಹದಲ್ಲಿ ಆತ್ಮಹತ್ಯೆ ಅನ್ನುವ ಪದ ಬೇಡ. ಹೇಗೆ, ಎಲ್ಲಿ ಅನ್ನುವ ವಿವರ ಬೇಡ. ಬರೆದಿಟ್ಟ ಪತ್ರ ಬೇಡ. ಫೋಟೋ ಬೇಡ, ಅಂತ್ಯಸಂಸ್ಕಾರದಲ್ಲಿ ಅಳುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದಂತೂ ಬೇಡವೇ ಬೇಡ. ಕಷ್ಟದಲ್ಲಿರುವವರು ಯಾರ ಜೊತೆ ಮಾತಾಡಬಹುದು ಅಂತ ಸಹಾಯವಾಣಿ ನಂಬರ್ ಹಾಕಿ. ಹಾಕುವ ಮುಂಚೆ ನೀವೇ ಕರೆ ಮಾಡಿ, ಯಾರಾದರೂ ಎತ್ತುತ್ತಾರಾ ಅಂತ ನೋಡಿ.

ಇನ್ನೊಂದು ವಿಷಯ ಇದೆ, ಇದು ಜನಕ್ಕೆ ಅಷ್ಟು ಗೊತ್ತಿಲ್ಲ. ಅಂಥ ಯೋಚನೆ ಬಂದು, ಸಹಾಯ ಕೇಳಿ, ಅದನ್ನು ದಾಟಿ ಬದುಕಿದವರ ಬಗ್ಗೆ ಬರೆದ ವರದಿಗಳು ಆತ್ಮಹತ್ಯೆ ಕಡಿಮೆಯಾಗುವುದರ ಜೊತೆ ಸಂಬಂಧ ಹೊಂದಿವೆ ಅಂತ 2010ರಲ್ಲಿ ವಿಯೆನ್ನಾದ ಸಂಶೋಧಕರೇ ತೋರಿಸಿದರು. ಚಿಕ್ಕ ಚಾನೆಲ್‌ಗೆ ಇದು ದೊಡ್ಡವರಿಗಿಂತ ಚೆನ್ನಾಗಿ ಬರುತ್ತದೆ. ನಿಮ್ಮ ಬಡಾವಣೆಯಲ್ಲೇ ಫೇಲಾಗಿ, ಕುಸಿದು, ಈಗ ನೆಟ್ಟಗೆ ನಿಂತವರು ಇದ್ದೇ ಇರುತ್ತಾರೆ. ಅವರು ಒಪ್ಪಿದರೆ ಬರೆಯಿರಿ.

ಆ ಅಕ್ಕನ ಹತ್ತಿರ ಹೋಗಿ ಕ್ಷಮೆ ಕೇಳಿ. ಕ್ಯಾಮೆರಾ ಇಲ್ಲದೆ. ಹಳೆಯ ಸುದ್ದಿಯನ್ನು ಏನು ಮಾಡಬೇಕು ಅಂತ ಅವರನ್ನೇ ಕೇಳಿ.

ಪ್ರಶ್ನೆ: ತಪ್ಪು ಸುದ್ದಿ ಹಾಕಿದ್ದು ಗೊತ್ತಾದರೆ ಸುಮ್ನೆ ಡಿಲೀಟ್ ಮಾಡಿದರೆ ಸಾಕಲ್ವಾ?

ಉತ್ತರ: ಸಾಲದು. ನೋಡಿದವರ ತಲೆಯಿಂದ ಅದು ಡಿಲೀಟ್ ಆಗಿಲ್ಲ. ಏನು ತಪ್ಪಾಗಿತ್ತು, ಸರಿ ಯಾವುದು, ಎಷ್ಟು ಹೊತ್ತಿಗೆ ತಿದ್ದಿದಿರಿ ಅಂತ ಅದೇ ಜಾಗದಲ್ಲಿ, ಮೇಲುಗಡೆಯೇ ಬರೆಯಿರಿ. ಯಾವ ಯಾವ ಗ್ರೂಪಿಗೆ ಮೊದಲು ಕಳಿಸಿದ್ದಿರೋ ಅಲ್ಲಿಗೆಲ್ಲ ಮತ್ತೆ ಕಳಿಸಿ.

ಪ್ರಶ್ನೆ: ಯಾವ ವಯಸ್ಸಿನಿಂದ ಇದನ್ನೆಲ್ಲ ಶುರು ಮಾಡಬೇಕು? ಬೇರೆ ಪಾಠಗಳಿಗೇ ಟೈಮ್ ಇಲ್ಲ.

ಉತ್ತರ: ಬೇರೆ ಪೀರಿಯಡ್ ಬೇಡ, ಇರುವ ಪಾಠದೊಳಗೇ ಸೇರಿಸಿ. ಫಿನ್‌ಲ್ಯಾಂಡ್ ಮಾಡಿರುವುದು ಹಾಗೆಯೇ. 2016ರಿಂದ ಜಾರಿಯಲ್ಲಿರುವ ಅಲ್ಲಿನ ಪಠ್ಯಕ್ರಮದಲ್ಲಿ ಇದು ಎಲ್ಲ ವಿಷಯಗಳಲ್ಲೂ ಹರಡಿಕೊಂಡಿದೆ. ಗಣಿತದಲ್ಲಿ ಅಂಕಿಅಂಶ ಹೇಗೆ ದಾರಿ ತಪ್ಪಿಸಬಹುದು ಅಂತ ನೋಡುತ್ತಾರೆ, ಚಿತ್ರಕಲೆಯಲ್ಲಿ ಒಂದು ಚಿತ್ರವನ್ನು ಹೇಗೆ ತಿರುಚಬಹುದು ಅಂತ ನೋಡುತ್ತಾರೆ. ಚಿಕ್ಕ ಮಕ್ಕಳಿಗೂ ಆಗುತ್ತದೆ. ಕೆನಡಾದಲ್ಲಿ 1999ರಲ್ಲಿ ಟಿವಿಯಲ್ಲಿ ಒಂದು ಜಾಹೀರಾತು ಬರುತ್ತಿತ್ತು. ಮನೆಯೊಳಗೆ ವಾಸಿಸುವ, ಕೈಯಲ್ಲಿ ಹಿಡಿಯುವಷ್ಟು ಪುಟ್ಟ ನೀರಾನೆ, ಪ್ರಾಣಿಗಳ ಸಾಕ್ಷ್ಯಚಿತ್ರದ ಹಾಗೇ ಗಂಭೀರ ದನಿಯ ವಿವರಣೆ. ಕೊನೆಯಲ್ಲಿ, ನೋಡೋಕೆ ನಿಜ ಅನ್ನಿಸಿತು, ಆದರೆ ನಿಜ ಅಲ್ಲ ಅಂತ ಗೊತ್ತಲ್ಲವಾ, ಟಿವಿಯಲ್ಲಿ ನೋಡಿದ್ದರ ಬಗ್ಗೆ ಯೋಚಿಸಿ ಅನ್ನುತ್ತಿದ್ದರು. ಅದು ಅಲ್ಲಿನವರಿಗೆ ಎಷ್ಟು ನೆನಪಿತ್ತು ಅಂದರೆ, 20 ವರ್ಷ ಆದ ಮೇಲೆ 2019ರಲ್ಲಿ ಮೀಡಿಯಾಸ್ಮಾರ್ಟ್ಸ್ ಅನ್ನುವ ಸಂಸ್ಥೆ ಇಂಟರ್ನೆಟ್ ಸುಳ್ಳುಗಳ ಬಗ್ಗೆ ಹೇಳಲು ಅದೇ ನೀರಾನೆಯನ್ನು ವಾಪಸ್ ಕರೆತಂದಿತು.

ಪ್ರಶ್ನೆ: ಆರು ತಿಂಗಳಿಂದ ಗುಂಪು ನಡೆಸುತ್ತಿದ್ದೇವೆ. ಏನಾದರೂ ಪ್ರಯೋಜನ ಆಗುತ್ತಿದೆಯಾ ಅಂತ ತಿಳಿಯುವುದು ಹೇಗೆ?

ಉತ್ತರ: ಎಷ್ಟು ಜನ ಬಂದರು, ಎಷ್ಟು ಫೋಟೋ ತೆಗೆಸಿಕೊಂಡೆವು ಅನ್ನುವುದರಿಂದ ತಿಳಿಯುವುದಿಲ್ಲ. ಶುರುವಿನಲ್ಲಿ ಹತ್ತು ಸುದ್ದಿ ಕೊಡಿ, ನಿಜ ಸುಳ್ಳು ಎರಡೂ ಇರಲಿ. ಮೂರು ತಿಂಗಳು ಬಿಟ್ಟು ಬೇರೆ ಹತ್ತು ಕೊಡಿ. ಸುಳ್ಳನ್ನು ಎಷ್ಟು ಹಿಡಿದರು ಅಂತ ಮಾತ್ರ ಎಣಿಸಬೇಡಿ, ನಿಜವನ್ನು ಎಷ್ಟು ಸಲ ಸುಳ್ಳು ಅಂದರು ಅಂತಲೂ ಎಣಿಸಿ. ಎರಡನೆಯದು ಏರಿದ್ದರೆ ಪಾಠ ಎಲ್ಲೋ ವಾಲಿದೆ.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಇಷ್ಟ. ಗುಂಪಿನ ಅಡ್ಮಿನ್ ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ಇದು ನಿಜವಾ, ಯಾರಿಗಾದರೂ ಗೊತ್ತಾ ಅಂತ ಕಳಿಸುವ ಮುಂಚೆ ಕೇಳಿದವರು ಈ ವಾರ ಎಷ್ಟು ಜನ ಅಂತ ಬರೆದಿಡಲಿ. ಕೇಳುವುದರಲ್ಲೂ ಶಕ್ತಿ ಇದೆ. ಸಂಶೋಧಕರಾದ ಗಾರ್ಡನ್ ಪೆನ್ನಿಕುಕ್, ಡೇವಿಡ್ ರಾಂಡ್ ಮತ್ತು ಅವರ ಜೊತೆಯವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟ್ವಿಟರ್ ಬಳಸುವ 5 ಸಾವಿರಕ್ಕೂ ಜಾಸ್ತಿ ಜನರಿಗೆ ಯಾವುದೋ ಒಂದು ತಲೆಬರಹ ಕಳಿಸಿ, ಇದು ಎಷ್ಟು ನಿಖರ ಅನ್ನಿಸುತ್ತದೆ ಅಂತ ಕೇಳಿದರು, ಅಷ್ಟೇ. ಆಮೇಲೆ ಅವರು ಹಂಚಿಕೊಂಡ ಸುದ್ದಿಗಳ ಗುಣಮಟ್ಟ ಸ್ವಲ್ಪ ಮೇಲಕ್ಕೆ ಹೋಯಿತು. ಸ್ವಲ್ಪವೇ, ಆದರೆ ಒಂದು ಪ್ರಶ್ನೆಗೆ.

ಮೊದಲ ತಿಂಗಳು ನಿಮ್ಮ ನೋಟ್‌ಬುಕ್ಕಿನಲ್ಲಿ ಸೊನ್ನೆ ಇರಬಹುದು. ಯಾರಾದರೂ ಒಬ್ಬರು ಮೊದಲ ಸಲ ಕೇಳಿದ ದಿನ, ಅವರ ಪ್ರಶ್ನೆಗೆ ಹತ್ತು ನಿಮಿಷದೊಳಗೆ ಉತ್ತರ ಹುಡುಕಿ ಕೊಡಿ. ಅಷ್ಟು ಹೊತ್ತಿಗೆ ಉತ್ತರ ಸಿಗದಿದ್ದರೆ, ಹುಡುಕುತ್ತಿದ್ದೇವೆ, ಅಲ್ಲಿಯವರೆಗೆ ಕಳಿಸಬೇಡಿ ಅಂತ ಹಾಕಿ.